ಅಣ್ಣನ ಮೀಸೆ

"ಕೂದಲು ಬೇಡ, ಮೀಸೆ ಸರಿಮಾಡು," ಎನ್ನುತ್ತಾ ಅಣ್ಣ ಕುರ್ಚಿಯಲ್ಲಿ ಕೂತಾಗ, ಅಂಗಡಿಯ ಕ್ಷೌರಿಕನಾದ ತಮ್ಮನ ಕೈ ನಡುಗುತ್ತಿತ್ತು. ಅವನ ಮನಸ್ಸನ್ನು ಹತೋಟಿಗೆ ತಂದ ಮಾತ್ರೆಯೇ ಕೈಗೆ ಈ ನಡುಕವನ್ನೂ ತಂದಿತ್ತು. ಆ ಸಿಟ್ಟಿಗೆ ಇವತ್ತಿನ ಮಾತ್ರೆಯನ್ನು ನುಂಗದೆ, ಕನ್ನಡಿಯ ಕೆಳಗೆ ಬಾಚಣಿಗೆಗಳ ಪಕ್ಕ ಇಟ್ಟಿದ್ದ.

"ಕೈಯೇ ನನ್ನ ಬಂಡವಾಳ ಅಣ್ಣ. ಅದೇ ನಡುಗಿದ್ರೆ ಈ ಮಾತ್ರೆ ಯಾಕೆ?"

"ಅದಿಲ್ಲದೆ ಇದ್ದಾಗ ನಿನ್ನನ್ನ ಎಲ್ಲೆಲ್ಲಿ ಹುಡುಕಿದೀನಿ ಅಂತ ನಿನಗೇನು ಗೊತ್ತು! ಕತ್ತರಿ ತಗೋ."

ಬೀದಿಗೆಲ್ಲ ಗುರುತಾಗಿದ್ದ ಮೀಸೆ ಅದು. ಹೆಂಡತಿ ಬೈದರೂ ಮಕ್ಕಳು ನಕ್ಕರೂ ಅಣ್ಣ ಅದನ್ನು ಮುದ್ದಿನಿಂದ ಸಾಕಿದ್ದ. ತಮ್ಮ ಉಸಿರು ಬಿಗಿಹಿಡಿದು ಕತ್ತರಿ ಆಡಿಸಿದ. ಕೈ ಜಾರಿ, ಎಡಗಡೆಯ ಮೀಸೆ ಪೂರ್ತಿ ಟವೆಲಿನ ಮೇಲೆ ಬಿತ್ತು.

ಅಣ್ಣ ಕನ್ನಡಿಯಲ್ಲಿ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ. "ಈ ಕಡೆಯಿಂದ ಥೇಟ್ ನಮ್ಮ ಚಿಕ್ಕಮ್ಮ! ಇನ್ನೊಂದು ಕಡೆನೂ ತೆಗೆದುಬಿಡು."

ತಮ್ಮನ ಕಣ್ಣು ತುಂಬಿ ಬಂತು. ಅಣ್ಣ ಟವೆಲಿನಡಿಯಿಂದ ಕೈ ಚಾಚಿ, ಮಾತ್ರೆ ಎತ್ತಿ ಅವನ ಅಂಗೈಗಿಟ್ಟ.

"ನಡುಕಕ್ಕೆ ಏನು ಮಾಡೋದು ಅಂತ ನಾಳೆ ಇಬ್ರೂ ಹೋಗಿ ಡಾಕ್ಟರನ್ನ ಕೇಳೋಣ. ಇವತ್ತು ಇದನ್ನ ನುಂಗು. ಮೀಸೆ ಆದ್ರೆ ಮತ್ತೆ ಬರುತ್ತೆ ಕಣೋ."