ಬರುವಾಗ ಎರಡು ಸೀಟು

ಯುರೋಪಿನ ಆ ದೇಶಕ್ಕೆ ಹೋಗಬೇಕೆನ್ನುವ ಆಫ್ರಿಕಾದವರೆಲ್ಲ ಮೊದಲು ವೀಸಾ ಕಚೇರಿಯ ಈ ಕಿಟಕಿಯ ಮುಂದೆ ನಿಂತು, ತಾವು ಕಳ್ಳರಲ್ಲವೆಂದು ಸಾಬೀತು ಮಾಡಬೇಕು. ಅಂದು ನಿಂತಿದ್ದವಳು ಒಬ್ಬ ಶಾಲಾ ಶಿಕ್ಷಕಿ. ವೀಸಾ ಅಧಿಕಾರಿ ಅವಳ ಮುಖವನ್ನೂ ನೋಡದೆ ಟಿಕೆಟ್ಟುಗಳನ್ನು ಮೇಜಿನ ಮೇಲೆ ಬಿಸಾಕಿದ.

"ಹೋಗೋದು ಒಬ್ಬಳು. ಬರುವಾಗ ಎರಡು ಸೀಟು. ಇನ್ನೊಂದು ಯಾರಿಗೆ?"

"ನಮ್ಮ ಮುತ್ತಜ್ಜನಿಗೆ. ಅವರನ್ನ ಊರಿಗೆ ಕರ್ಕೊಂಡು ಬರಬೇಕು. ಹಿರಿಯರನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬರೋದು ನಮ್ಮಲ್ಲಿ ಪದ್ಧತಿ."

"ಅವನ ಹತ್ರ ವೀಸಾ ಇದೆಯಾ?"

"ಇಲ್ಲ."

"ಪಾಸ್‌ಪೋರ್ಟು?"

"ಅದೂ ಇಲ್ಲ. ಅವರನ್ನ ನಿಮ್ಮವರೇ ಹಡಗಿನಲ್ಲಿ ತಗೊಂಡು ಹೋದ್ರು."

ಅಧಿಕಾರಿ ನಕ್ಕ. "ಇಲ್ಲಿ ಬರೋರೆಲ್ಲ ಇಂಥದ್ದೇ ಒಂದು ಕತೆ ಹೇಳ್ತಾರೆ. ಅಂದ್ರೆ ಕಾಗದಪತ್ರ ಇಲ್ಲದೆ, ನಮ್ಮ ತೆರಿಗೆ ದುಡ್ಡಲ್ಲಿ ಅಲ್ಲಿ ಹಾಯಾಗಿ ಬಿದ್ಕೊಂಡಿದ್ದಾನೆ."

"ಹೌದು," ಎಂದಳು ಅವಳು.

ಅವನು ಪೆನ್ನು ಎತ್ತಿಕೊಂಡ. "ವಿಳಾಸ ಹೇಳು. ಈ ವಾರದಲ್ಲೇ ಒದ್ದು ಓಡಿಸ್ತೀವಿ."

"ಬರ್ಕೊಳ್ಳಿ. ನಿಮ್ಮ ರಾಜಧಾನಿಯ ಮ್ಯೂಸಿಯಂ, ಎರಡನೇ ಮಹಡಿ, ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆ. ಅಲ್ಲಿರೋದು ಅವರ ತಲೆ ಮಾತ್ರ."