ಬದುಕಿರುವವರು ಹಾಡದ ಪಲ್ಲವಿ

ಫ್ರಾನ್ಸಿನ ಒಂದು ಸೀಮೆಯಲ್ಲಿ ರೊಂದೋ ಎಂಬ ಪ್ರೇಮಗೀತೆಯ ಪಲ್ಲವಿಯನ್ನು ಬದುಕಿರುವವರು ಹಾಡುವುದಿಲ್ಲ. ಚರಣ ಮುಗಿಸಿ ಸುಮ್ಮನಾಗುತ್ತಾರೆ. ಯಾರನ್ನು ನೆನೆದು ಹಾಡಿದರೋ ಅವರು ಸತ್ತಿದ್ದರೆ ಅವರ ದನಿಯೇ ಪಲ್ಲವಿ ಹಾಡುತ್ತದೆ.

ಯುದ್ಧಕ್ಕೆ ಹೋದ ಗಂಡ ರೆನೋ ಕಟ್ಟಿಕೊಟ್ಟಿದ್ದ ಹಾಡಿನ ಚರಣವನ್ನು ಇಸಾಬೋ ಮೂರು ವರ್ಷ ದಿನವೂ ಹಾಡಿದಳು. ಒಮ್ಮೆಯೂ ಉತ್ತರ ಬರಲಿಲ್ಲ. ಆ ಮೌನ ಕೇಳಿಸಿಕೊಂಡೇ ಅವಳು ನೆಮ್ಮದಿಯಿಂದ ಒಲೆ ಹಚ್ಚುತ್ತಿದ್ದಳು.

ಇವತ್ತು ಮಧ್ಯಾಹ್ನ ರೆನೋ ಬಂದ. ಕಾಲಿನ ಕೆಸರು ತೊಳೆದುಕೊಂಡು ಊಟಕ್ಕೆ ಕೂತ.

“ಇನ್ನೊಂಚೂರು ಹಾಕ್ಲಾ?” ಎನ್ನುತ್ತ ಸಾರು ಬಡಿಸಿದ ಇಸಾಬೋ, ಅಭ್ಯಾಸಬಲದಿಂದ ಚರಣ ಗುನುಗಿ ಸುಮ್ಮನಾದಳು.

ಒಲೆಯ ಹಿಂದಿನಿಂದ ರೆನೋನ ದನಿ ಪಲ್ಲವಿ ಎತ್ತಿಕೊಂಡಿತು. ಎದುರಿಗೆ ಕೂತಿದ್ದ ರೆನೋನ ಬಾಯಿ ತುಂಬ ರೊಟ್ಟಿಯಿತ್ತು.

ಅವನು ಅದನ್ನು ನುಂಗಿ, ಬಟ್ಟಲು ಪಕ್ಕಕ್ಕೆ ಸರಿಸಿದ.

“ಇವತ್ತೊಂದಿನ ಹಾಡದೇ ಇದ್ದಿದ್ರೆ ಊಟ ಮುಗಿಸ್ಕೊಂಡು ಹೋಗ್ತಿದ್ದೆ, ಇಸಾಬೋ.”