ದೀಪದ ಹೊತ್ತಿನ ಬಾಯಿಪಾಠ

“ಸೌಂದರ್ಯಾ, ದೀಪಾ ಹಚ್ಚಿ ಆತು, ಬಾಯಿಪಾಠ ಹೇಳ ಬಾ” ಎಂದು ದಾನವ್ವ ಮೊಮ್ಮಗಳನ್ನು ಕೂಗಿದಾಗ, ಸೊಸೆ ದಾಕ್ಷಾಯಿಣಿ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯಿಂದ ಬಂದಳು. ಸೌಂದರ್ಯಾ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಕಣ್ಣಿಗೆ ಪೊರೆ ಬಂದ, ಎಲ್ಲವನ್ನೂ ಮರೆಯುವ ಅತ್ತೆಗೆ ಪ್ರತಿ ಸಂಜೆ ಅದನ್ನೇ ಹೊಸದಾಗಿ ಹೇಳಿ ಹೇಳಿ ಅವಳು ಸೋತುಹೋಗಿದ್ದಳು. ಇವತ್ತು ಹೇಳಲಿಲ್ಲ. ಮಗಳು ಕೂರುತ್ತಿದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು.

ದಾನವ್ವ ಅವಳ ಹಣೆಗೆ ವಿಭೂತಿ ಹಚ್ಚಿದಳು. ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳು ಪಾಠ ಒಪ್ಪಿಸಲೇಬೇಕು, ಮಗ್ಗಿಯಾದರೂ ಸರಿ, ಇಂಗ್ಲಿಷ್ ಗ್ರಾಮರ್ ಆದರೂ ಸರಿ. ಎಬಿಸಿಡಿ ಬಾರದ ಅಜ್ಜಿಗೂ ಅದು ಕೇಳಿ ಕೇಳಿಯೇ ಬಾಯಿಗೆ ಬಂದಿತ್ತು.

“ಟು ಗೋ, ಟು ಕಮ್, ಟು ಈಟ್” ಎಂದು ದಾಕ್ಷಾಯಿಣಿ ದನಿ ಸಣ್ಣದು ಮಾಡಿ ಶುರುಮಾಡಿದಳು. “ಕ್ಯಾನ್, ಕುಡ್. ವಿಲ್, ವುಡ್. ಮೇ…” ಅಲ್ಲಿ ಬೇಕೆಂದೇ ನಿಂತಳು. ಮಗಳು ದಿನವೂ ತಡವರಿಸುತ್ತಿದ್ದುದು ಅಲ್ಲೇ. ಅದಕ್ಕಾಗಿ ಅವಳನ್ನು ಎಷ್ಟು ಬೈದಿದ್ದಳೋ!

“ಮೈಟ್! ದಿನಾ ಅಲ್ಲೇ ಮರೀತಿ ನೋಡು” ಎಂದು ನಕ್ಕ ದಾನವ್ವ, ಎಂದಿನಂತೆ ಬೆಲ್ಲದ ಚೂರೊಂದನ್ನು ಅವಳ ಕೈಗಿಟ್ಟಳು. ಆಮೇಲೆ ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು: “ನಿಮ್ಮವ್ವ ಅಡಗಿಮನ್ಯಾಗ ಒಬ್ಬಾಕಿನ ಕುಂತು ಅಳತಿರತಾಳ. ಯಾಕಂತ ನನಗ ತಿಳೀವಲ್ದು. ನೀನರ ಹೋಗಿ ಕೇಳವಾ, ನಿನ್ನ ಮುಂದ ಹೇಳ್ತಾಳ.”